ಹಸಿ ಭಟ್ಟಿ

ಅಳಿಯನಿಗೆ ಮಾವ ಇಟ್ಟಿದ್ದ ಹೆಸರು ಗೊತ್ತಪ್ಪ. ಯಾರು ಏನು ಹೇಳಹೋದರೂ ಅರ್ಧದಲ್ಲೇ ‘ಗೊತ್ತು, ಗೊತ್ತು’ ಎಂದು ಬಾಯಿ ಮುಚ್ಚಿಸುವುದು ಅವನ ಚಾಳಿ. ಬೇಕರಿಗೆ ಸೇರಿದ ಹೊಸತರಲ್ಲಿ ಹಿಟ್ಟು ನಾದುವುದನ್ನು ತೋರಿಸಿದರೆ ಗೊತ್ತು, ಟ್ರೇ ಹಿಡಿಯುವುದನ್ನು ತೋರಿಸಿದರೆ ಗೊತ್ತು, ಕೈ ಸುಟ್ಟುಕೊಂಡ ಮೇಲೂ ಗೊತ್ತು. ಕೆಟ್ಟದ್ದೇನೆಂದರೆ, ಸ್ವಲ್ಪ ದಿನದಲ್ಲೇ ಅದು ಅವನಿಗೆ ನಿಜವಾಗಿಯೂ ಗೊತ್ತಾಗಿಬಿಡುತ್ತಿತ್ತು. ಮಾವನಿಗೆ ಮೈಯೆಲ್ಲ ಉರಿಯುತ್ತಿದ್ದುದು ಅದಕ್ಕೇ.

ಈ ಗೊತ್ತಪ್ಪ ಒಂದು ಬೆಳಿಗ್ಗೆ ಬನ್ನಿನ ಟ್ರೇ ಹೊರಗೆಳೆಯುತ್ತ, ಯಾವುದೋ ಊರಿನ ಸುದ್ದಿ ಹೇಳುವವನಂತೆ ಹೇಳಿದ.

“ಮಾವ, ಹಿಂದಿನ ಬೀದೀಲಿ ಮಳಿಗೆ ಹಿಡಿದಿದ್ದೀನಿ. ನಂದೇ ಬೇಕರಿ ಶುರು ಮಾಡ್ತೀನಿ.”

“ಯಾರನ್ನ ಕೇಳಿ ಹಿಡಿದೆ?”

“ಕೇಳೋದೇನಿದೆ? ಕೆಲಸ ನಂಗೆ ಗೊತ್ತು. ನಿಮ್ಮ ಬ್ರೆಡ್ಡಿಗಿಂತ ಒಳ್ಳೇ ಬ್ರೆಡ್ಡು ಮಾಡ್ತೀನಿ ಅಂತಾನೂ ಗೊತ್ತು.”

“ಉಂಡ ಮನೆ ಜಂತೆ ಎಣಿಸೋನು ನೀನು,” ಎಂದ ಮಾವ. “ನಿನ್ನ ಬೇಕರಿ ಆರು ತಿಂಗಳು ಬಾಳಿದರೆ ನನ್ನ ಮೀಸೆ ಬೋಳಿಸಿಕೊಳ್ತೀನಿ.”

ಗಲ್ಲಾದ ಹಿಂದೆ ಕೂತಿದ್ದ ಮಗಳಿಗೆ ಇಬ್ಬರ ಬಾಯಿಯೂ ಸಾಕಾಗಿತ್ತು. ಅವಳೇ ಎದ್ದು ಬಂದು ತೀರ್ಪು ಕೊಟ್ಟಳು. ಹೊಸ ಭಟ್ಟಿಯಿಂದ ನೆಟ್ಟಗೆ ಬ್ರೆಡ್ಡು ಬಂದರೆ ತಾನೂ ಗಂಡನ ಜೊತೆ ಹೋಗುತ್ತೇನೆ, ಬರದಿದ್ದರೆ ಗಂಡ ತೆಪ್ಪಗೆ ಇಲ್ಲಿಗೇ ವಾಪಸ್ ಬರಬೇಕು, ಆಮೇಲೆ ಈ ಮಾತು ಎತ್ತಕೂಡದು. ಇಬ್ಬರೂ ತಕ್ಷಣ ಒಪ್ಪಿದರು. ಅಳಿಯ ತಾನು ಸೋಲಬಹುದು ಎಂದು ಯಾವತ್ತೂ ಯೋಚಿಸಿದವನಲ್ಲ. ಮಾವ ಹೊಸದಾಗಿ ಶುರುವಾದದ್ದು ಗೆದ್ದೀತು ಎಂದು ಯಾವತ್ತೂ ನಂಬಿದವನಲ್ಲ.

ಮಾವನ ಭಟ್ಟಿ ಅವನ ಅಪ್ಪ ಕಟ್ಟಿದ್ದು. ಅದಕ್ಕೆ ಇವನು ಒಂದು ಇಟ್ಟಿಗೆ ಸೇರಿಸಿರಲಿಲ್ಲ, ಒಂದು ಇಟ್ಟಿಗೆ ತೆಗೆದಿರಲಿಲ್ಲ. ಪ್ರಾಯದಲ್ಲಿ ಒಮ್ಮೆ ಬಸ್ ನಿಲ್ದಾಣದ ಪಕ್ಕ ಇನ್ನೊಂದು ಅಂಗಡಿ ಮಾಡುವ ಆಸೆಯೇನೋ ಹುಟ್ಟಿತ್ತು. ಜಾಗ ನೋಡಿ ಬಂದ, ಎರಡು ರಾತ್ರಿ ನಿದ್ದೆಗೆಟ್ಟ, ಬರುವ ವರ್ಷ ನೋಡೋಣ ಎಂದು ಕೈಬಿಟ್ಟ. ಆ ಬರುವ ವರ್ಷ ಇನ್ನೂ ಬಂದಿರಲಿಲ್ಲ. ಅಳಿಯ ಬಿಟ್ಟು ಹೋಗುತ್ತಾನೆಂಬ ಸಿಟ್ಟು ಇದ್ದೇ ಇತ್ತು, ಆದರೆ ಅವನು ಚೂರೂ ಹೆದರದೆ ಹೋಗುತ್ತಿದ್ದಾನಲ್ಲ ಎಂಬ ಹೊಟ್ಟೆಕಿಚ್ಚು ಅದರಪ್ಪನಂತಿತ್ತು. ಜೊತೆಗೆ ಬಲಭುಜ ಬಿದ್ದುಹೋಗಿ ಟ್ರೇ ಎಳೆಯಲು ಆಗುತ್ತಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಮಾತೆಂದರೆ ಮಗಳ ಮಾತು ಒಂದೇ. ಅವಳೂ ಹಿಂದಿನ ಬೀದಿಗೆ ಹೊರಟುಹೋದರೆ ಏನು ಗತಿ ಎಂದು ನೆನೆದರೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಅಳಿಯನ ಹೊಸ ಭಟ್ಟಿ ಕಟ್ಟಿದವನು ಮನೆ ಕಟ್ಟುವ ಗಾರೆಯವನು. ನಕ್ಷೆ ಮಾತ್ರ ಅಳಿಯನದೇ. ಮಾವನ ಭಟ್ಟಿಯನ್ನು ಗೇಣು ಗೇಣೂ ಅಳೆದು ಹೆಚ್ಚುಕಡಿಮೆ ಹಾಗೇ ಕಟ್ಟಿಸಿದ್ದ. ಬೆಂಕಿ ಹಾಕುವ ಹಿಂದಿನ ಸಂಜೆ ಅವನೇ ಬಂದು ಮಾವನನ್ನು ಕರೆದ.

“ಬಂದು ನೋಡಿ ಹೋಗಿ. ಆಮೇಲೆ ಕರೀಲಿಲ್ಲ ಅನ್ನಬೇಡಿ.”

ಮಾವ ಹೋದ. ಮಗಳು ಅಲ್ಲಿ ಕಪಾಟುಗಳ ಧೂಳು ಒರೆಸುತ್ತಿದ್ದಳು. ಅವನು ಬಗ್ಗಿ ಭಟ್ಟಿಯ ಬಾಯೊಳಗೆ ಕೈ ಹಾಕಿ ಕಮಾನನ್ನು ಮುಟ್ಟಿದ. ಅಂಗೈಗೆ ತಣ್ಣಗೆ ಒದ್ದೆ ತಗುಲಿತು. ಕೈಯನ್ನು ಪಂಚೆಗೆ ಒರೆಸಿಕೊಂಡ. ಅಪ್ಪ ಹೇಳುತ್ತಿದ್ದ ಮಾತು ನೆನಪಿಗೆ ಬಂತು: ಹೊಸ ಭಟ್ಟಿಗೆ ಎಳೆಗೂಸಿಗೆ ಉಣಿಸಿದ ಹಾಗೆ ಬೆಂಕಿ ಉಣಿಸಬೇಕು, ಇವತ್ತು ಹಿಡಿ ಸೌದೆ ಚಕ್ಕೆ, ನಾಳೆ ಎರಡು ಹಿಡಿ, ನೀರಿನ ಪಸೆ ಪೂರ್ತಿ ಆರುವ ತನಕ. ಅಳಿಯನಿಗೆ ಇದು ತಿಳಿದಿರಲು ಸಾಧ್ಯವೇ ಇರಲಿಲ್ಲ. ಅವನು ಕೆಲಸ ಕಲಿತ ಭಟ್ಟಿ ಅವನು ಹುಟ್ಟುವ ಮೊದಲಿನಿಂದ ಆರದೆ ಉರಿಯುತ್ತಿದ್ದದ್ದು. ಭಟ್ಟಿಗೂ ಹಸಿತನ ಅನ್ನುವುದೊಂದು ಇರುತ್ತದೆಂದು ಅವನು ಕನಸಲ್ಲೂ ಎಣಿಸಿರಲಿಲ್ಲ.

“ನೋಡು, ಈ ಕಮಾನು...” ಎಂದು ಮಾವ ಬಾಯಿ ತೆರೆದ.

“ಗೊತ್ತು ಮಾವ. ನಿಮ್ಮದಕ್ಕಿಂತ ಎರಡು ಬೆರಳು ಎತ್ತರ ಇದೆ. ಬೇಕೂಂತಲೇ ಮಾಡಿಸಿದ್ದು. ನಾಳೆ ಪೂರ್ತಿ ಬೆಂಕಿ ಹಾಕ್ತೀನಿ, ಮೊದಲ ಬ್ರೆಡ್ಡು ನಿಮಗೇ ಕಳಿಸ್ತೀನಿ.”

ಮಾವ ಇನ್ನೊಂದು ಸಲ ಹೇಳಬಹುದಿತ್ತು. ಹೇಳಲಿಲ್ಲ.

“ಸೌದೆ ಒಣಗಿದೆ ತಾನೆ?”

“ಗೊತ್ತು, ಗೊತ್ತು.”

“ಹಾಗಾದ್ರೆ ಸರಿಯಪ್ಪ,” ಎಂದು ಅವನು ಮನೆಗೆ ಬಂದ. ಹೊಟ್ಟೆಗೆ ಹಾಲು ಹೊಯ್ದಂತಾಗಿತ್ತು. ಅವತ್ತು ಎರಡು ತುತ್ತು ಹೆಚ್ಚೇ ಉಂಡ.

ಬೆಳಿಗ್ಗೆ ಮಾವ ತನ್ನ ಭಟ್ಟಿಗೆ ಎಡಗೈಯಲ್ಲೇ ಬನ್ನಿನ ಟ್ರೇ ತಳ್ಳಿ ಕೈ ಒರೆಸಿಕೊಳ್ಳುತ್ತಿದ್ದಾಗ ಹಿಂದಿನ ಬೀದಿಯಿಂದ ದೊಪ್ಪೆಂದು ಸದ್ದು ಕೇಳಿತು. ಹಿಟ್ಟಿನಂಗಡಿಯವನು ಏದುಸಿರು ಬಿಡುತ್ತ ಬಂದು, ನಿಮ್ಮ ಅಳಿಯನ ಭಟ್ಟಿ ಕುಸಿದು ಕೂತಿದೆ ಎಂದ. ಮಾವ ಚಪ್ಪಲಿ ಮೆಟ್ಟಿಕೊಂಡು ಹೊರಟ. ದಾರಿಯುದ್ದಕ್ಕೂ ಆಡಬೇಕಾದ ಮಾತುಗಳನ್ನು ಒಂದೊಂದಾಗಿ ಹದ ಮಾಡಿಕೊಂಡ.

ಮಳಿಗೆಯ ತುಂಬ ಬೂದಿ, ಹೊಗೆ. ಕಮಾನು ನಡುವೆ ಬಿರಿದು ಒಳಗೆ ಕುಸಿದಿತ್ತು, ಇಟ್ಟಿಗೆಗಳ ಅಡಿಯಲ್ಲಿ ಹಸಿ ಹಿಟ್ಟು ಕರಕಲಾಗುತ್ತಿತ್ತು. ಹುಬ್ಬು ಸುಟ್ಟುಕೊಂಡ ಅಳಿಯನ ಮುಂಗೈಗೆ ಬಟ್ಟೆ ಸುತ್ತಿತ್ತು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಿರಲಿಲ್ಲ.

“ಈಗ ಗೊತ್ತಾಯ್ತು ಮಾವ. ಒಳಗೆ ನೀರಿತ್ತು, ಆವಿಯಾಗಿ ಸಿಡೀತು. ಈ ಸಲ ನಿಧಾನಕ್ಕೆ ಒಣಗಿಸ್ತೀನಿ.”

“ಈ ಸಲ ಅಂದ್ರೆ ಯಾವ ಸಲ?” ಎಂದ ಮಾವ. “ನಾಳೆಯಿಂದ ಬಂದು ನನ್ನ ಟ್ರೇ ಎಳಿ. ಕೊಟ್ಟ ಮಾತು ಮಾತೇ.”

ಅಳಿಯನ ಮುಖ ಇಳಿಯಿತು. ಮದುವೆಯಾದಾಗಿನಿಂದ ಮಾವ ಕಾದಿದ್ದು ಆ ಮುಖಕ್ಕೇ. ಅದನ್ನು ಕಣ್ತುಂಬ ನೋಡುತ್ತಿದ್ದಾಗ ಮಗಳು ನಡುವೆ ಬಂದು ನಿಂತಳು. ಅವಳ ಕೂದಲ ಮೇಲೂ ಬೂದಿ ಕೂತಿತ್ತು.

“ಅಪ್ಪ, ನಿನ್ನೆ ಇದನ್ನ ಮುಟ್ಟಿ ಕೈ ಯಾಕೆ ಒರೆಸ್ಕೊಂಡೆ?”

“ಧೂಳಿತ್ತು.”

“ಒದ್ದೆ ಇತ್ತು. ನಿನ್ನ ಪಂಚೆ ಮೇಲೆ ಗುರುತು ಬಿತ್ತು, ನಾನು ನೋಡ್ದೆ. ಏನೋ ಹೇಳೋಕೆ ಬಾಯಿ ತೆಗೆದು ಆಮೇಲೆ ಸೌದೆ ವಿಷಯ ಕೇಳ್ದೆ. ನಿಂಗೆ ಗೊತ್ತಿತ್ತು.”

“ಹೇಳೋಕೇ ಹೋದೆ. ಗೊತ್ತು ಅಂದ. ಎಲ್ಲಾ ಗೊತ್ತಿರೋನಿಗೆ ನಾನೇನು ಹೇಳ್ಲಿ?”

“ಅವರಿಗೆ ಹೇಳದಿದ್ರೆ ಬಿಡು. ನನಗೆ ಹೇಳಬಹುದಿತ್ತು, ಪಕ್ಕದಲ್ಲೇ ಇದ್ದೆ.” ಅವಳ ದನಿ ಏರಲಿಲ್ಲ. “ಇವತ್ತು ಹಿಟ್ಟು ಒಳಗೆ ಇಟ್ಟಿದ್ದು ನಾನು. ಇಟ್ಟಿಗೆ ಸಿಡಿದಾಗ ಭಟ್ಟಿ ಬಾಯಿ ಮುಂದೆ ನಿಂತಿದ್ದು ನಾನು. ನನ್ನ ತಳ್ಳಿ ಅವರು ಕೈ ಸುಟ್ಕೊಂಡ್ರು.”

ರಾತ್ರಿಯೆಲ್ಲ ಮಾವ ಈ ಭಟ್ಟಿ ಬೀಳುವುದನ್ನು ಮನಸ್ಸಿನಲ್ಲೇ ಎಷ್ಟೋ ಸಲ ನೋಡಿದ್ದ. ಪ್ರತಿ ಸಲವೂ ಅದರ ಮುಂದೆ ಅಳಿಯ ಒಬ್ಬನೇ ನಿಂತಿರುತ್ತಿದ್ದ.

“ಪುಟ್ಟಿ, ನೀನು ಇಲ್ಲಿರ್ತೀಯ ಅಂತ...”

“ಇವರು ವಾಪಸ್ ಬರಲ್ಲ. ನಾನೂ ಬರಲ್ಲ. ಮಾತಿಗೆ ತಪ್ಪಿದವಳು ಮಗಳು ಅಂತ ಬೀದಿಗೆಲ್ಲ ಹೇಳ್ಕೋ.”

ಅಳಿಯ ಏನೋ ಹೇಳಲು ಹೋದ, ಅವಳು ಕಣ್ಣಲ್ಲೇ ತಡೆದಳು. ಆಮೇಲೆ ಇಬ್ಬರೂ ಬಗ್ಗಿ ಒಡೆದ ಇಟ್ಟಿಗೆಗಳನ್ನು ಒಂದು ಕಡೆ, ಗಟ್ಟಿ ಇಟ್ಟಿಗೆಗಳನ್ನು ಇನ್ನೊಂದು ಕಡೆ ಪೇರಿಸತೊಡಗಿದರು.

“ಮೊದಲು ಬರೀ ಒಂದು ಹಿಡಿ ಚಕ್ಕೆ ಹಾಕಬೇಕು,” ಎಂದ ಮಾವ ಬಾಗಿಲ ಬಳಿಯಿಂದ. “ಮಾರನೇ ದಿನ ಇನ್ನೊಂದು ಸ್ವಲ್ಪ. ಅವಸರ ಮಾಡಬಾರದು.”

ಯಾರೂ ತಿರುಗಿ ನೋಡಲಿಲ್ಲ. ಅವನು ಇನ್ನೊಮ್ಮೆ ಸ್ವಲ್ಪ ಜೋರಾಗಿ ಹೇಳಿದ. ಆಮೇಲೆ ಹೊರಟ. ಅವನ ಅಂಗಡಿಯಲ್ಲಿ ಬನ್ನು ಭಟ್ಟಿಯೊಳಗೇ ಇತ್ತು, ಹೊರಗೆಳೆಯಲು ಯಾರೂ ಇರಲಿಲ್ಲ.