ಹಡಗಿನಲ್ಲಿ ಕೈ ಬಿಟ್ಟವರು

ಕಾರಿನ ಗಾಜಿಗೆ ಮೂಗು ಒತ್ತಿಕೊಂಡು ರೋಹನ ಉಸಿರು ಬಿಟ್ಟಾಗಲೆಲ್ಲ ಒಂದು ಉಗಿಯ ಬಿಲ್ಲೆ ಮೂಡುತ್ತದೆ, ಆರುತ್ತದೆ, ಮತ್ತೆ ಮೂಡುತ್ತದೆ, ಆರುವ ಮೊದಲು ಅದರೊಳಗೆ ಬೆರಳಿನಿಂದ ಒಂದು ಹಡಗು ಬರೆದುಬಿಡಬೇಕು ಎನ್ನುವ ಅವಸರ ಅವನದು, ಆರು ವರ್ಷದವನ ಹಡಗು, ಕೆಳಗೊಂದು ಬಾನಿ, ಮೇಲೆ ಸಾಲು ಸಾಲು ಕಿಟಕಿ — ಸೋಲಾಪುರಕ್ಕೆ ತಿರುಗಿ ಬಂದು ಹನ್ನೆರಡು ದಿನವಾಯಿತು, ಇನ್ನೂ ಹಡಗೇ, ಕುಂಭಾರಿ ದಾಟಿತು, ಇನ್ನು ವಳಸಂಗ, ಆಮೇಲೆ ಅಕ್ಕಲಕೋಟ, ಮೂರು ವರ್ಷದ ಶ್ರೀಲೇಖಾ ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದಾಳೆ, ಅವಳ ತಲೆಯ ಬೆವರಿಗೆ ನನ್ನ ಸೀರೆ ಅಂಟಿದೆ, ಅತುಲ ಕಾರು ನಡೆಸುತ್ತಿದ್ದಾನೆ, ಅವನ ಪಕ್ಕದಲ್ಲಿ ಅತ್ತೆ ಶಾರದಾಬಾಯಿ, ಅವರ ಮಡಿಲಲ್ಲಿ ಐದು ತೆಂಗಿನಕಾಯಿಯ ಚೀಲ, ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಾರೆ, ಹೂಂ ರಿ, ಅಕ್ಕಲಕೋಟಕ್ಕ ಹೊಂಟೀವಿ, ಸ್ವಾಮಿಗೆ ಹರಕಿ ಇತ್ತು, ನಮ್ಮ ಸೊಸಿ ಕೈಯಾಗಿಂದ ಮೊಮ್ಮಗ ತಪ್ಪಿಸಿಕೊಂಡಿದ್ದ ರಿ ಹಡಗಿನ್ಯಾಗ, ಸ್ವಾಮೀನ ಹೊಳ್ಳಿ ಕೊಟ್ಟ. ನಮ್ಮ ಸೊಸಿ ಕೈಯಾಗಿಂದ. ಅತುಲ ಗೇರು ಬದಲಿಸುತ್ತಾನೆ. ಕನ್ನಡಿಯಲ್ಲಿ ಅವನ ಕಣ್ಣು ಒಂದು ಕ್ಷಣ ನನ್ನ ಕಣ್ಣಿಗೆ ತಾಗಿ, ಹಿಂದೆ ಬರುತ್ತಿರುವ ಲಾರಿಯ ಕಡೆಗೆ ಜಾರುತ್ತದೆ, ಹಿಂದೆ ಯಾವ ಲಾರಿಯೂ ಇಲ್ಲ, ನಾನು ತಿರುಗಿ ನೋಡಿದೆ, ಖಾಲಿ ರಸ್ತೆ, ಬಿಸಿಲು.

ಹೇಳಬಹುದಲ್ಲ, ಒಂದು ಮಾತು, ಅವ್ವ, ಹಂಗಲ್ಲ ಅಂತ, ಅಷ್ಟೇ, ಎರಡು ಶಬ್ದ — ಹೇಳುವುದಿಲ್ಲ, ಹೇಳುತ್ತಾನೆ ಎಂದು ಹನ್ನೆರಡು ದಿನ ಕಾಯ್ದೆ, ಮೊದಲ ದಿನ ದಣಿದಿದ್ದಾನೆ ಅಂದುಕೊಂಡೆ, ಎರಡನೆಯ ದಿನ ನಾಚಿಕೆ ಇರಬೇಕು ಅಂದುಕೊಂಡೆ, ಆಮೇಲೆ ವಿಜಾಪುರ ರಸ್ತೆಯ ನಮ್ಮ ಮನೆಗೆ ಯಾರು ಬಂದರೂ ಅದೇ ಕಥೆ, ಚಹಾದ ಜೊತೆ ಅದೇ ಕಥೆ, ಮತ್ತು ಕಥೆ ದಿನದಿನಕ್ಕೆ ಮೈ ತುಂಬಿಕೊಳ್ಳುತ್ತಿತ್ತು. ಹಡಗಿನ ಪ್ರವಾಸ ಅವನ ಚಾದರದ ಅಂಗಡಿಗೆ ಬಂದ ಬಹುಮಾನ, ನೂಲಿನ ಕಂಪನಿಯವರು ಒಳ್ಳೆಯ ವ್ಯಾಪಾರಿಗಳನ್ನು ಸಂಸಾರ ಸಮೇತ ಮುಂಬಯಿಯಿಂದ ಗೋವಾಕ್ಕೆ, ಗೋವಾದಿಂದ ಮುಂಬಯಿಗೆ ಕರೆದೊಯ್ಯುತ್ತಿದ್ದರು, ಅವನಿಗೆ ಫೋಟೋದ ಚಿಂತೆ, ನನಗೆ ನೀರಿನ ಚಿಂತೆ, ನಾನು ಕೆಲಸ ಮಾಡುವ ಕಾಲೇಜಿನ ಗ್ರಂಥಾಲಯದಲ್ಲಿ ಊಟದ ಬಿಡುವಿನಲ್ಲಿ ಕೂತು ಹಡಗಿನಲ್ಲಿ ಮಕ್ಕಳನ್ನು ಹೇಗೆ ಜೋಪಾನ ಮಾಡಬೇಕು ಎಂದು ಓದಿ ಓದಿ ಸಣ್ಣ ನೋಟುಬುಕ್ಕಿನಲ್ಲಿ ಬರೆದುಕೊಂಡೆ, ಲಿಫ್ಟಿನಲ್ಲಿ ಒಬ್ಬರೇ ಹತ್ತಬಾರದು, ಮೆಟ್ಟಿಲಲ್ಲಿ ಕಂಬಿ ಹಿಡಿಯಬೇಕು, ಬಾಲ್ಕನಿಯ ಕುರ್ಚಿ ಕಟಕಟೆಯ ಹತ್ತಿರ ಇರಬಾರದು, ಈಜುಕೊಳದ ಬಳಿ ಮಗು ದೊಡ್ಡವರ ಕೈಯಳತೆಯಲ್ಲೇ ಇರಬೇಕು, ರೋಹನನಿಗೆ ಪದ್ಯದಂತೆ ಬಾಯಿಪಾಠ, ಕಳದ್ರ ಏನ್ ಮಾಡ್ತಿ, ನಿಂತಲ್ಲೇ ನಿಂದರತೀನಿ, ಯಾರನ್ನ ಕೇಳ್ತಿ, ಎದಿ ಮ್ಯಾಲ ಹೆಸರಿನ ಪಟ್ಟಿ ಇದ್ದವರನ್ನ. ಅತುಲ ನಗುತ್ತಿದ್ದ, ಏನ ಮಂಜರಿ, ಹಡಗಾ ನಡಸಾಕ ಹೊಂಟೀಯೋ ತಿರಗಾಡಾಕ ಹೊಂಟೀಯೋ. ನಾನೂ ನಕ್ಕೆ. ಹಡಗು ಹತ್ತಿದ ಕೂಡಲೇ ಎಲ್ಲರಿಗೂ ಜೀವರಕ್ಷಕ ಜಾಕೆಟ್ಟು ತೊಡುವ ತಾಲೀಮು, ಸೈರನ್ನು ಕೂಗಿದಾಗ ಶ್ರೀಲೇಖಾ ಕಿವಿ ಮುಚ್ಚಿಕೊಂಡು ಅತ್ತಳು, ಕೋಣೆಯಲ್ಲಿಟ್ಟ ಜಾಕೆಟ್ಟು ಅವಳಿಗೆ ಮೊಣಕಾಲಿನವರೆಗೆ ಬರುತ್ತಿತ್ತು, ನಾನೇ ಹೋಗಿ ಕೇಳಿ ಮಕ್ಕಳ ಅಳತೆಯವು ಎರಡು ತಂದೆ, ಬಾಲ್ಕನಿಯ ಕುರ್ಚಿಗಳನ್ನು ಒಳಗೆಳೆದು ಬಾಗಿಲಿನ ಹಿಡಿಕೆಗೆ ಓಢಣಿ ಬಿಗಿದೆ, ಮಕ್ಕಳ ಅಂಗಿಗಳ ಕಾಲರಿನ ಒಳಗೆ ಕೋಣೆಯ ಸಂಖ್ಯೆ ಬರೆದೆ, ಅಳಿಸದ ಶಾಯಿಯಲ್ಲಿ. ಅತುಲ ಅಷ್ಟೊತ್ತಿಗೆ ದುಧನಿಯ ಗುರುಸಿದ್ಧನ ಜೊತೆ ಮೇಲಿನ ಅಂತಸ್ತಿನಲ್ಲಿದ್ದ, ಗುರುಸಿದ್ಧನೂ ಚಾದರದ ವ್ಯಾಪಾರಿ, ಇಬ್ಬರೂ ಸಾಲಿಯ ಗೆಳೆಯರು, ಸಿಕ್ಕರೆ ಮುಗಿಯಿತು.

ಎರಡನೆಯ ದಿನ, ಬೆಳಗ್ಗೆ ಹತ್ತೂವರೆ. ಅದನ್ನು ಮತ್ತೆ ಮತ್ತೆ ಮೊದಲಿನಿಂದ ನೋಡುತ್ತೇನೆ, ಎಲ್ಲಾದರೂ ನನ್ನದೇ ತಪ್ಪಿದೆಯೇನೋ, ಎಲ್ಲರೂ ಹೇಳುತ್ತಿದ್ದಾರೆ ಅಂದಮೇಲೆ ಇರಬಹುದೇನೋ ಎಂದು, ಇಲ್ಲ, ಇಲ್ಲ — ಶ್ರೀಲೇಖಾಗೆ ಹಡಗಿನ ಓಲಾಟಕ್ಕೆ ವಾಂತಿ, ಕಡಕ ರೊಟ್ಟಿಯ ಚೂರು ಕೂಡ ನಿಲ್ಲುತ್ತಿಲ್ಲ, ಕೆಳಗೆ ಡಾಕ್ಟರ ಹತ್ತಿರ ಒಯ್ಯಬೇಕು, ರೋಹನ ಮೇಲೆ ಈಜುಕೊಳದ ಹತ್ತಿರ ಅಪ್ಪನ ಜೊತೆ, ನಾನು ಅತುಲನ ಎದುರಿಗೆ ನಿಂತು ಹೇಳಿದೆ, ಅವನ ಕಪ್ಪು ಕನ್ನಡಕದಲ್ಲಿ ನನ್ನ ಮುಖ ಎರಡೆರಡಾಗಿ ಕಾಣುತ್ತಿತ್ತು, ಅಹೋ, ಅವನ ಮ್ಯಾಲ ಲಕ್ಷ ಇಡ್ರಿ, ನಾ ಅರ್ಧಾ ತಾಸಿನ್ಯಾಗ ಬರ್ತೀನಿ. ಹೂಂ, ಹೋಗು, ಹೋಗು. ಡಾಕ್ಟರು ಶ್ರೀಲೇಖಾಗೆ ಒಂದು ಔಷಧ ಕುಡಿಸಿದರು, ತಿರುಗಿ ಮೇಲೆ ಬಂದೆ. ಕುರ್ಚಿಯ ಮೇಲೆ ಒಂದು ಟವೆಲು. ಕೆಳಗೆ ಅತುಲನ ಚಪ್ಪಲಿ. ಕೊಳದಲ್ಲಿ ಹತ್ತಾರು ಮಕ್ಕಳ ತಲೆ, ಒಂದೊಂದೇ ತಲೆ ನೋಡಿದೆ, ಅಲ್ಲ, ಅಲ್ಲ, ಅಲ್ಲ, ನೀರಿನ ತಳ ನೋಡಿದೆ, ನೀಲಿ ಹಂಚು, ಬಿಸಿಲಿನ ಬಲೆ, ಏನೂ ಇಲ್ಲ, ಆಗಲೂ ಅಂದುಕೊಂಡೆ ಅಪ್ಪನ ಜೊತೆ ಐಸ್‌ಕ್ರೀಮಿಗೆ ಹೋಗಿರಬೇಕು, ಪಕ್ಕದ ಕುರ್ಚಿಯ ಗುಜರಾತಿ ಹೆಂಗಸು ಹೇಳಿದಳು, ವೋ ತೋ ಕಬ್ ಕಾ ಚಲಾ ಗಯಾ, ಅಕೇಲಾ, ಹುಡುಗ ಆಗಲೇ ಹೋದ, ಒಬ್ಬನೇ. ಅಕೇಲಾ. ಆಮೇಲೆ ಸಿಬ್ಬಂದಿಯವನ ಮುಖ, ವೈರ್‌ಲೆಸ್ಸು, ಯಾವ ಬಣ್ಣದ ಅಂಗಿ ಮೇಡಮ್, ಹಳದಿ, ಹಳದಿ, ಶ್ರೀಲೇಖಾಳನ್ನು ಸೊಂಟದಲ್ಲಿ ಹೊತ್ತು ಮೆಟ್ಟಿಲು ಇಳಿದೆ, ಎಲ್ಲ ಕಾರಿಡಾರೂ ಒಂದೇ ಥರ, ಒಂದೇ ಕೆಂಪು ನೆಲಹಾಸು, ಒಂದೇ ಬಾಗಿಲುಗಳು, ರೋಹನಾ ಎಂದು ಕೂಗಿದರೆ ನೆಲಹಾಸು ಕೂಗನ್ನು ನುಂಗುತ್ತಿತ್ತು, ಮತ್ತೆ ಮೇಲೆ ಬಂದಾಗ ಅತುಲ ಗುರುಸಿದ್ಧನ ಹೆಗಲ ಮೇಲೆ ಕೈ ಹಾಕಿ, ಮಕ್ಕಳನ್ನು ಬಿಡದ ಇಸ್ಪೀಟಿನ ಕೋಣೆಯ ಬಾಗಿಲಿನಿಂದ ನಗುತ್ತ ಹೊರಗೆ ಬರುತ್ತಿದ್ದ, ಬರಿಗಾಲಿನಲ್ಲಿ. ಎಲ್ಲ್ಯದಾನ ರೋಹನ, ಅಂದೆ. ಇಲ್ಲೇ ಕುಂದ್ರಿಸಿ ಹೋಗಿದ್ನಲಾ, ಅಂದ, ಟಾವೆಲ್ ಕಾಯಿ ಅಂದಿದ್ನಿ, ಎರಡ ಡಾವು ಅಷ್ಟ, ಈಗ ಬಂದ್ನಿ. ಟವೆಲು ಕಾಯಲು ಕೂತವನಿಗೆ ಹೆದರಿಕೆಯಾಗಿದೆ, ಮಮ್ಮಿ ಕೆಳಗೆ ಡಾಕ್ಟರ ಹತ್ತಿರ ಎಂದು ಗೊತ್ತು, ಲಿಫ್ಟು ಹತ್ತಿದ್ದಾನೆ, ಕೈಗೆಟುಕಿದ ಗುಂಡಿ ಒತ್ತಿದ್ದಾನೆ, ನಾಲ್ಕನೆಯ ಅಂತಸ್ತಿನಲ್ಲಿ ಇಳಿದಿದ್ದಾನೆ, ಅಲ್ಲಿ ಹೊರಗೆ ಹೋಗುವ ಭಾರದ ಬಾಗಿಲನ್ನು ಯಾರೋ ದೊಡ್ಡವರು ತೆಗೆದಾಗ ಅವರ ಹಿಂದೆ ದಾಟಿದ್ದಾನೆ, ಮೇಲೆ ಜೀವರಕ್ಷಕ ದೋಣಿಗಳು ತೂಗುವ ಕಡೆ, ಕಟಕಟೆಯ ಎರಡನೆಯ ಕಂಬಿಯ ಮೇಲೆ ನಿಂತು ಸಮುದ್ರಕ್ಕೆ ಬಗ್ಗಿದ್ದನಂತೆ, ಮಣಿಪುರದ ಒಬ್ಬ ಹುಡುಗಿ, ನೆಲ ಒರೆಸುವವಳು, ಕೂಗದೆ ಹಿಂದಿನಿಂದ ಮೆಲ್ಲಗೆ ಬಂದು ಸೊಂಟ ಹಿಡಿದು ಇಳಿಸಿದಳು, ಅವನು ಅಳುತ್ತ ಹೆಸರು ಕೂಡ ಹೇಳಲಿಲ್ಲ, ಅವಳು ಕಾಲರು ಮಗುಚಿ ಸಂಖ್ಯೆ ಓದಿದಳು. ನಾನು ಬರೆದ ಸಂಖ್ಯೆ. ಅದನ್ನು ಯಾರೂ ಹೇಳುವುದಿಲ್ಲ.

ಮತ್ತು ಆ ಆಫೀಸಿನ ಕೋಣೆ, ಬಿಳಿ ಉಡುಪಿನ ಅಧಿಕಾರಿ, ಮೇಜಿನ ಮೇಲೊಂದು ಫಾರಮ್ಮು, ರೋಹನ ನನ್ನ ಕುತ್ತಿಗೆಗೆ ನೇತುಬಿದ್ದಿದ್ದಾನೆ, ಅವನ ಕೂದಲಲ್ಲಿ ಉಪ್ಪಿನ ವಾಸನೆ, ನನಗೆ ಬೇರೇನೂ ಬೇಡವಾಗಿತ್ತು ಆ ಗಳಿಗೆಯಲ್ಲಿ, ಮಗುವಿನ ಜೊತೆ ಯಾರಿದ್ದರು ಎಂದು ಅಧಿಕಾರಿ ಕೇಳಿದ, ಅತುಲ ಗಂಟಲು ಸರಿಮಾಡಿಕೊಂಡ, ಮೈ ವೈಫ್, ಅಂದ. ಎಷ್ಟು ಸಲೀಸಾಗಿ ಬಂತು. ಅಧಿಕಾರಿ ನನ್ನ ಕಡೆ ತಿರುಗಿ ಮೃದುವಾಗಿ ಹೇಳಿದ, ಮೇಡಮ್, ಬಚ್ಚೇ ಕಾ ಹಾಥ್ ಕಭೀ ನ ಛೋಡಿಯೇ, ಮಗುವಿನ ಕೈ ಎಂದೂ ಬಿಡಬೇಡಿ. ನಾನು ತಲೆ ಆಡಿಸಿದೆ. ಆಡಿಸಿದೆ, ಅದೇ, ಅದೊಂದೇ ನನ್ನ ತಪ್ಪು, ಕೂಸು ಸಿಕ್ಕಿದೆ, ಇನ್ನು ಯಾರಾದರೇನು ಅನ್ನಿಸಿ ತಲೆ ಆಡಿಸಿದೆ, ರಾತ್ರಿ ಕೋಣೆಯಲ್ಲಿ ಕೇಳಿದ್ದಕ್ಕೆ ಅತುಲ, ಸಾಹೇಬನ ಮುಂದ ಏನರೆ ಹೇಳಬೇಕಿತ್ತಲಾ, ಬಿಡು, ಕಂಪನಿ ಮಂದಿಗೆ ಗೊತ್ತಾದ್ರ ಮಾನ ಹೋಗತೈತಿ ಅಂದ, ಒಂದು ದಿನದ ಸುಳ್ಳು, ಒಂದು ಕಾಗದದ ಸುಳ್ಳು, ಹಡಗಿನಲ್ಲೇ ಉಳಿಯುತ್ತದೆ ಅಂದುಕೊಂಡೆ, ಅದು ಅವನ ಚೀಲದೊಳಗೆ ಕೂತು ಸೋಲಾಪುರಕ್ಕೆ ಬಂತು.

ಅಕ್ಕಲಕೋಟ. ಬೇಸ್ತವಾರದ ಗರ್ದಿ, ಗುಡಿಯ ಎದುರಿನ ರಸ್ತೆಯ ಈಚೆ ಅತುಲನ ತಂಗಿ ರೂಪಾಲಿಯ ಮನೆ, ಮೊದಲು ಊಟ, ಆಮೇಲೆ ದರ್ಶನ, ಎಲ್ಲರಿಗೂ ತಟ್ಟೆ ಹಾಕಿದಳು, ಹೋಳಿಗೆ, ಕಟ್ಟಿನ ಸಾರು, ಶೇಂಗಾ ಹಿಂಡಿ, ನನ್ನ ಮುಂದೆ ಒಂದು ಬಟ್ಟಲು ಸಾಬುದಾಣಿ ಖಿಚಡಿ. ಇದ್ಯಾಕ, ಅಂದೆ. ವೈನಿ, ನಿಮಗ ಇವತ್ತಿಂದ ಉಪಾಸ ಅಲ್ಲಾ, ಅಂದಳು ರೂಪಾಲಿ, ಅವ್ವ ಹೇಳಿಲ್ಲೇನ್, ನಿಮ್ಮ ಹೆಸರ್ಲೆ ಹನ್ನೊಂದ ಬೇಸ್ತವಾರ ಬೇಡಿಕೊಂಡಾಳ. ನನ್ನ ಹೆಸರಲ್ಲಿ. ಅತುಲ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಕಥೆ ಶುರುಮಾಡಿದ್ದ, ಹನ್ನೊಂದ ಅಂತಸ್ತು ಓಡಿ ಇಳದ್ನಿ, ನೋಡ್ತೀನಿ ಅಂದ್ರ ಕಟಕಟಿ ಮ್ಯಾಲ ನಿಂತಾನ, ಗಬಕ್ಕನ ಅಂಗಿ ಹಿಡದ್ನಿ — ನೀವಾ, ಅಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. ನೀವೆಲ್ಲಿ ಹಿಡದ್ರಿ, ನೀವು ಇಸ್ಪೀಟ್ ಆಡಾಕ ಹೋಗಿದ್ರಿ, ನಾ ಶ್ರೀಲೇಖಾನ ಕರಕೊಂಡು ಡಾಕ್ಟರ್ ಕಡೆ ಇದ್ನಿ, ರೋಹನ ನಿಮ್ಮ ಜೋಡಿ ಇದ್ದ. ಅತುಲ ನಕ್ಕ, ಆತು ಆತು, ಈಗ ಯಾರ ತಪ್ಪು ಅಂತ ಯಾಕ, ಕೂಸು ಆರಾಮ ಐತಲಾ, ಹೆದರಿಕಿಗೆ ಆಕೀಗಿ ಸರೀ ನೆನಪಿಲ್ಲ. ರೂಪಾಲಿಗೆ ಜಗಳ ತಣ್ಣಗಾಗಬೇಕಿತ್ತು, ರೋಹನನ ಗಲ್ಲ ಸವರಿ ಕೇಳಿದಳು, ನೀನ ಹೇಳು ರಾಜಾ, ಯಾರ ಜೋಡಿ ಇದ್ದಿ. ರೋಹನ ಅಪ್ಪನ ಕಡೆ ನೋಡಿದ, ಅಪ್ಪ ತಟ್ಟೆಯ ಕಡೆ ನೋಡುತ್ತಿದ್ದ. ಮಮ್ಮಿ ಜೋಡಿ, ಅಂದ. ಮಮ್ಮಿ ನನ್ನ ಕೈ ಬಿಟ್ಟಳು. ಹೇಳಿಕೊಟ್ಟದ್ದೋ, ಹನ್ನೆರಡು ದಿನ ಕೇಳಿ ಕೇಳಿ ಅದೇ ನೆನಪಾಗಿಬಿಟ್ಟಿದೆಯೋ — ಅವನ ಕಣ್ಣಲ್ಲಿ ಸುಳ್ಳಿರಲಿಲ್ಲ, ನಾನು ಹುಡುಕಿದೆ, ಇರಲಿಲ್ಲ. ಎದ್ದು ಅಡಿಗೆಮನೆಗೆ ಹೋದೆ, ಅತ್ತೆ ಹಿಂದೆಯೇ ಬಂದರು, ಬಾಗಿಲು ಮುಂದೆ ಮಾಡಿದರು, ನನಗ ಗೊತ್ತೈತಿ ಮಂಜರಿ, ಅಂದರು. ಏನು ಗೊತ್ತೈತ್ರಿ ಅತ್ತಿ. ಗೋವಾದಾಗ ಇಳದ ಕೂಡಲೇ ಫೋನ್ ಮಾಡಿ ಅತ್ತಾನ, ಅವ್ವಾ, ಕೂಸಿನ್ನ ಬಿಟ್ಟು ಆಡಾಕ ಹೋಗಿದ್ನಿ ಅಂತ, ಆದ್ರ ಗಂಡಸಿನ ಹೆಸರು ಕೆಟ್ರ ಅಂಗಡಿ ಹೆಸರು ಕೆಡತೈತಿ, ಹೆಣ್ಣಮಗಳು ಅಂದ್ರ ಮಂದಿ ನಾಕ ದಿನ ಆಡ್ತಾರ, ಮರೀತಾರ, ನೀ ಶಾಣ್ಯಾಕಿ ಅದಿ, ಹೊಟ್ಟ್ಯಾಗ ಹಾಕ್ಕೋ. ಅತ್ತಿದ್ದಾನೆ. ಅವ್ವನ ಹತ್ತಿರ ಅತ್ತು ಹಗುರಾಗಿದ್ದಾನೆ, ನನ್ನೆದುರು ಒಂದು ಹನಿ ಇಲ್ಲ, ಗೋವಾದಲ್ಲಿ ನಾನು ಮಕ್ಕಳಿಗೆ ಎಳನೀರು ಕುಡಿಸುತ್ತಿದ್ದಾಗ ದೂರ ನಿಂತು ಫೋನಿನಲ್ಲಿದ್ದನಲ್ಲ, ಅಂಗಡಿಯದು ಅಂದಿದ್ದನಲ್ಲ, ಅದೇ ಹೊತ್ತು, ತಾಯಿಮಗ ಸೇರಿ ನನ್ನನ್ನು ಅಲ್ಲೇ ಇತ್ಯರ್ಥ ಮಾಡಿದ್ದಾರೆ. ಒಲೆಯ ಪಕ್ಕ ಹೋಳಿಗೆಯ ಬುಟ್ಟಿ ಇತ್ತು, ಒಂದು ತೆಗೆದುಕೊಂಡೆ, ಅತ್ತೆಯ ಮುಖ ನೋಡುತ್ತ ನಿಂತುಕೊಂಡೇ ತಿಂದೆ, ಹೂರಣ ಗಂಟಲಿಗೆ ಅಂಟಿತು, ನೀರು ಕುಡಿದು ಇನ್ನೊಂದು ತಿಂದೆ. ಮಂಜರಿ, ಹರಕಿ ಐತಿ, ಅಂದರು ಸಣ್ಣ ದನಿಯಲ್ಲಿ. ಯಾರ ಕೈಲೆ ತಪ್ಪಿತೋ ಅವರು ಮಾಡ್ಲಿ ರಿ, ನಾ ಮಾಡೂದಿಲ್ಲ, ಇನ್ನ ಮ್ಯಾಲ ಯಾರ ಕೇಳಿದ್ರೂ ಖರೇನ ಹೇಳ್ತೀನಿ. ಅವರು ಬಾಗಿಲು ತೆಗೆದು ಹೊರಗೆ ಹೋದರು.

ಈಗ ಗುಡಿಗೆ, ರಸ್ತೆ ದಾಟಬೇಕು, ಎಸ್ಟಿ ಬಸ್ಸು, ಟಮಟಮ್ಮು, ಸೈಕಲ್ ಮೋಟರು, ಅತುಲ ಅವ್ವನ ತೋಳು ಹಿಡಿದು ಆಗಲೇ ಆ ಕಡೆ ದಾಟಿದ್ದಾನೆ, ಹಿಂತಿರುಗಿ ನೋಡಿಲ್ಲ, ಶ್ರೀಲೇಖಾ ನನ್ನ ಸೊಂಟದ ಮೇಲೆ, ಪಕ್ಕದಲ್ಲಿ ರೋಹನ, ಇನ್ನೊಂದು ಕೈ ಖಾಲಿ ಇದೆ, ಚಾಚುತ್ತೇನೆ, ಬಾ ರೋಹನ. ಅವನು ನನ್ನ ಕೈಯನ್ನು ನೋಡುತ್ತಾನೆ. ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಒಯ್ದು ಒಂದರಲ್ಲೊಂದು ಬೆರಳು ಹೆಣೆದುಕೊಳ್ಳುತ್ತಾನೆ. ನೀ ಬಿಡ್ತಿ, ಅನ್ನುತ್ತಾನೆ. ಸಿಟ್ಟಿಲ್ಲದೆ, ಇವತ್ತು ಬೇಸ್ತವಾರ ಅಂದ ಹಾಗೆ. ಬಸ್ಸು ಹೋಯಿತು, ಅದರ ಗಾಳಿಗೆ ಅವನ ಕೂದಲು ಎದ್ದಿತು, ಬಿಡೂದಿಲ್ಲ, ಬಾ, ಅನ್ನುತ್ತೇನೆ, ರಸ್ತೆ ಒಂದು ಕ್ಷಣ ತೆರವಾಗುತ್ತದೆ, ಮುಚ್ಚುತ್ತದೆ, ನನ್ನ ಕೈ ಹಾಗೇ ಇದೆ, ಎರಡೂ ಕೈ ಬೆನ್ನ ಹಿಂದೆ, ಇನ್ನೊಂದು ಬಸ್ಸು, ಆ ಕಡೆಯಿಂದ ಅತುಲ ಬರ್ರಿ ಎಂದು ಕೂಗುತ್ತಿದ್ದಾನೆ, ಎರಡೂ ಕೈ ಬೆನ್ನ ಹಿಂದೆ, ಬಿಗಿದು, ಬೆರಳಿನ ಗೆಣ್ಣು ಬೆಳ್ಳಗಾಗುವಷ್ಟು ಬಿಗಿದು, ಎರಡೂ ಕೈ, ಬೆನ್ನ ಹಿಂದೆ