ಪುಕ್ಕಟೆ ನಾಲಿಗೆ

"ನಾಲಿಗೆಗೂ ಬೇರೆ ಸಂಬಳ ಬೇಕೇನಮ್ಮಾ ನಿನಗೆ?" ಎಂದಳು ಬುರುಲಕ್ಕ, ರೊಟ್ಟಿ ಚೂರನ್ನು ಚಹಾಕ್ಕೆ ಅದ್ದುತ್ತ.

ಓಶ್ ಪಟ್ಟಣದ ಆ ಆಸ್ಪತ್ರೆಗೆ ಅವಳು ಹಿರಿಯ ನರ್ಸು. ಎದುರಿಗೆ ನಿಂತ ಮೊಹಿರಾ ಆಗಷ್ಟೇ ಕಲಿತು ಬಂದ ಹೊಸಬಳು. ಅಪ್ಪನಿಂದ ಉಜ್ಬೇಕ್, ಅಮ್ಮನಿಂದ ಕಿರ್ಗಿಜ್, ಶಾಲೆಯಿಂದ ರಷ್ಯನ್, ನೆರೆಮನೆಯಿಂದ ತಾಜಿಕ್. ಯಾವ ವಾರ್ಡಿನಲ್ಲಿ ಯಾರು ನರಳಿದರೂ ಅರ್ಥ ಹೇಳಲು ಅವಳೇ ಓಡಬೇಕು.

"ನನ್ನ ಜೊತೆ ನರ್ಸು ನುರ್ಜಾನ್‌ಗೆ ಭಾಷೆ ಭತ್ಯೆ ಕೊಡ್ತೀರಲ್ಲಕ್ಕಾ?"

"ಅವಳು ದುಡ್ಡು ಕೊಟ್ಟು ಇಂಗ್ಲಿಷ್ ಕಲಿತಳು. ನಿನಗೆ ಪುಕ್ಕಟೆ ಬಂತು. ಪುಕ್ಕಟೆ ಬಂದಿದ್ದಕ್ಕೆ ಏನ್ ಕೊಡೋದು?"

ಭೇಷ್! ಆ ಆಸ್ಪತ್ರೆಯಲ್ಲಿ ಇಂಗ್ಲಿಷಿನಲ್ಲಿ ನರಳುವ ರೋಗಿ ಇನ್ನೂ ಹುಟ್ಟಿರಲಿಲ್ಲ. ನುರ್ಜಾನ್ ಎಲ್ಲರಿಗೂ 'ಹಲೋ' ಅನ್ನುತ್ತಿದ್ದಳು. ಉಳಿದ ಮಾತೆಲ್ಲ ಮೊಹಿರಾಳ ಪಾಲು.

ಸರಿ, ಇವತ್ತಿನಿಂದ ಸಂಬಳ ಇದ್ದಷ್ಟೇ ಬಾಯಿ, ಎಂದುಕೊಂಡಳು. ರಷ್ಯನ್ ಒಂದು ಸಾಕು. ಹೊಟ್ಟೆ ಉರಿಯುತ್ತಿತ್ತು, ಜೊತೆಗೆ ಒಂಥರಾ ಖುಷಿ.

ಮಧ್ಯಾಹ್ನ ಕಿಟಕಿ ಪಕ್ಕದ ಮುದುಕಿ ಜೈನಬ್‌ಗೆ ಮೇಲುಸಿರು ಹತ್ತಿತು. ಮೊಹಿರಾಳ ಕೋಟು ಹಿಡಿದು "ಅಪಾ, ಅಪಾ" ಎಂದಳು.

ಡಾಕ್ಟರ್ ವಿಕ್ತರ್ ಪಾವ್ಲೊವಿಚ್‌ಗೆ ರಷ್ಯನ್ ಬಿಟ್ಟರೆ ದೇವರೇ ಗತಿ. "ಏನಂತಿದಾರೆ? ಯಾರನ್ನಾದ್ರೂ ಕರೀಬೇಕಾ?"

"ಅಮ್ಮನ್ನ ಕರೀತಿದಾಳೆ, ಪಾಪ. ಭ್ರಾಂತು," ಎಂದಳು ನುರ್ಜಾನ್. ಬಡಗಣ ಬೆಟ್ಟದ ಕಡೆಯ ಕಿರ್ಗಿಜ್ ಹುಡುಗಿ. ಅವಳ ಕಿವಿಗೆ 'ಅಪಾ' ಎಂದರೆ ತಾಯಿಯೇ.

ಮುದುಕಿಯದು ಉಜ್ಬೇಕ್ ಬಾಯಿ; ಅಲ್ಲಿ ಅದು 'ಓಪಾ', ಅಂದರೆ ಅಕ್ಕ. ಹಲ್ಲಿಲ್ಲದವರ ಬಾಯಲ್ಲಿ ಎರಡೂ ಒಂದೇ ಥರ ಕೇಳುತ್ತವೆ. ಮೊಹಿರಾಳಿಗೆ ಗೊತ್ತಿತ್ತು, ಮುದುಕಿಯ ಅಕ್ಕ ಬೆಳಿಗ್ಗೆಯಿಂದ ಹೊರಗಿನ ಬೆಂಚಿನ ಮೇಲೆ ಫ್ಲಾಸ್ಕ್ ಹಿಡಿದು ಕೂತು, ಒಳಗೆ ಬಿಡಿ ಎಂದು ಕಂಡಕಂಡವರನ್ನು ಬೇಡುತ್ತಿದ್ದಳು.

"ಹೌದಾ ಮೊಹಿರಾ?" ಎಂದರು ಡಾಕ್ಟರು.

"ಭತ್ಯೆ ತಗೊಳ್ಳೋರು ಹೇಳಿದ ಮೇಲೆ ಮುಗೀತಲ್ಲ," ಎಂದಳು, ಅಚ್ಚ ರಷ್ಯನ್‌ನಲ್ಲಿ.

ಡಾಕ್ಟರು ತಲೆಯಾಡಿಸಿ ಮುಂದಿನ ಮಂಚಕ್ಕೆ ಹೋದರು. ನುರ್ಜಾನ್ ಮುದುಕಿಯ ಕಡೆ ಬಗ್ಗಿ "ಹಲೋ" ಎಂದಳು.

ಮುದುಕಿ ಮೊಹಿರಾಳನ್ನೇ ನೋಡುತ್ತಿದ್ದಳು. ಅಕ್ಕನನ್ನು ಕರೆದುಬಿಡಲೇ? ಇನ್ನೊಂದು ಗಳಿಗೆ. ಬುರುಲಕ್ಕ ಬರಲಿ, ಬಾಯಿಬಿಟ್ಟು ಕೇಳಲಿ. ಮೊಹಿರಾ ಕಾದಳು. ಕೋಟು ಹಿಡಿದ ಬೆರಳುಗಳು ಸಡಿಲವಾದವು.

ಬುರುಲಕ್ಕ ಬಂದಾಗ ಮುದುಕಿಯ ಬಾಯಿ ಆ ಶಬ್ದದ ನಡುವೆಯೇ ತೆರೆದು ನಿಂತಿತ್ತು.

"ಹೊರಗೆ ಅವರ ಅಕ್ಕ..." ಎಂದಳು ಮೊಹಿರಾ. ಯಾವ ಭಾಷೆಯಲ್ಲಿ ಎಂದಳೋ ಅವಳಿಗೇ ಗೊತ್ತಾಗಲಿಲ್ಲ.

"ಬಾಯಿ ಮುಚ್ಚು," ಎಂದು ಬುರುಲಕ್ಕ ಹೆಣದ ಗದ್ದ ಕಟ್ಟುವ ಬಟ್ಟೆಯ ಪಟ್ಟಿಯೊಂದನ್ನು ಅವಳ ಕೈಗಿತ್ತಳು.

ಯಾರ ಬಾಯಿ ಎಂದು ತಿಳಿಯದೆ ಮೊಹಿರಾ ಪಟ್ಟಿ ಹಿಡಿದು ನಿಂತಳು. ಹೊರಗೆ ಯಾರೋ ಫ್ಲಾಸ್ಕಿನ ಮುಚ್ಚಳ ತಿರುವುತ್ತಿದ್ದರು.