ಕುಂಬಳದ ಹೂವಿಗೆ ಬಂದವರೆಷ್ಟು?

ಈ ಸಲವೂ ಕುಂಬಳದ ಹೀಚುಗಳು ಹಳದಿಯಾಗಿ ಉದುರುತ್ತಿದ್ದವು. ಬಳ್ಳಿ ಹಸಿರಾಗಿ ಹಬ್ಬಿತ್ತು, ಹೂವೂ ಬೇಕಾದಷ್ಟಿತ್ತು. ಕಾಯಿ ಮಾತ್ರ ನಿಲ್ಲುತ್ತಿರಲಿಲ್ಲ. ಬಿದ್ದ ಹೀಚುಗಳನ್ನು ಅತ್ತೆ ಒಂದೊಂದಾಗಿ ಹೆಕ್ಕಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು.

"ಇನ್ನೊಂದು ಸಲ ಔಷಧಿ ಹೊಡೆದ್ರಾಯ್ತು ಬಿಡಿ ಅತ್ತೆ," ಎಂದು ಸೊಸೆ ಬೆನ್ನಿಗೆ ಕ್ಯಾನು ಏರಿಸಿದಳು.

ಅಷ್ಟರಲ್ಲಿ ಕೀಟಗಣತಿಯಾಕೆ ಬಂದಳು. ಹುಳುಹುಪ್ಪಟೆಗಳು ಯಾಕೆ ಕಡಿಮೆಯಾಗುತ್ತಿವೆ, ಅದರಿಂದ ನಾಳಿನ ಊಟಕ್ಕೆ ಏನು ಕುತ್ತು ಎಂದು ಸರ್ಕಾರ ವಿಚಾರಣೆ ನಡೆಸುತ್ತಿತ್ತು. ಬೆಳಿಗ್ಗೆ ಹತ್ತು ನಿಮಿಷ ಹೂವಿನ ಮುಂದೆ ಕೂತು, ಬಂದ ಜೇನು, ದುಂಬಿಗಳನ್ನು ಎಣಿಸಿ ಬರೆಯಿರೆಂದು ಮನೆಮನೆಗೆ ಚೀಟಿ ಹಂಚಿದ್ದರು.

"ಜನರನ್ನ ಎಣಿಸಿ ಮುಗೀತು, ಈಗ ನೊಣ ಎಣಿಸೋಕೆ ಬಂದ್ರಾ?" ಸೊಸೆ ಕೆಣಕಿದಳು. "ಅವೇನು ಓಟು ಹಾಕ್ತಾವಾ?"

"ಓಟು ಹಾಕಲ್ಲ ಅಕ್ಕ, ಊಟ ಹಾಕ್ತಾವೆ," ಎಂದು ನಕ್ಕ ಗಣತಿಯಾಕೆ ಅತ್ತೆಯ ಚೀಟಿ ನೋಡಿ ಹುಬ್ಬೇರಿಸಿದಳು. "ನಲವತ್ತಾ! ಇಷ್ಟು ಎಲ್ಲೂ ಸಿಕ್ಕಿಲ್ಲ. ಯಾವತ್ತು ಬಂದಿದ್ದು ಅಜ್ಜಿ?"

ಅತ್ತೆ ಮಡಿಲಿನ ಹೀಚುಗಳನ್ನು ಕೆಳಗೆ ಸುರಿದು ಕೂತಳು.

"ನಾನು ಈ ಮನೆಗೆ ಬಂದ ವರ್ಷ," ಎಂದಳು. "ಒಂದೊಂದು ಹೂವಲ್ಲೂ ದುಂಬಿಗಳು ಮೈತುಂಬ ಪುಡಿ ಬಳ್ಕೊಂಡು ಹೊರಳಾಡ್ತಿದ್ವು. ನಾನು ಹೋದ್ರೂ ಜಾಗ ಬಿಡ್ತಿರಲಿಲ್ಲ, ಪೋಕರಿಗಳು! ಮೊನ್ನೆ ಕೂತೆ. ಒಂದೂ ಬರಲಿಲ್ಲ. ನಮ್ಮ ಬಾಗಿಲಿಗೆ ಯಾರೂ ಬರಲ್ಲ ಅಂತ ಊರಿಗೆಲ್ಲ ಹೇಳ್ಕೊಳ್ಳೋದಾ? ಅದಕ್ಕೇ ಅವತ್ತಿನದು ಬರೆದೆ."

ಗಣತಿಯಾಕೆ ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತಳು. "ನಲವತ್ತು ಅಂದ್ರೆ, ಇಲ್ಲಿ ಎಲ್ಲ ಚೆನ್ನಾಗಿದೆ ಅಂದ್ಕೊಂಡು ಸರ್ಕಾರದವರು ಮುಂದಿನ ಊರಿಗೆ ಹೋಗಿಬಿಡ್ತಾರೆ ಅಜ್ಜಿ. ಈ ಹೀಚಿಗೆ ರೋಗ ಬಂದಿಲ್ಲ. ಗಂಡುಹೂವಿನ ಪುಡಿ ಹೆಣ್ಣುಹೂವಿಗೆ ಮುಟ್ಟಿಲ್ಲ, ಅದಕ್ಕೇ ಉದುರಿದೆ. ಮುಟ್ಟಿಸೋರೇ ಇಲ್ವಲ್ಲ."

"ನಾನು ತಪ್ಪದೇ ಬೆಳಿಗ್ಗೆ ಬೆಳಿಗ್ಗೆನೇ ಔಷಧಿ ಹೊಡೀತೀನಲ್ಲ..." ಸೊಸೆಯ ಮಾತು ಅರ್ಧಕ್ಕೆ ನಿಂತಿತು.

"ಹೂವು ಅರಳಿರೋದೂ ಆವಾಗ್ಲೇ ಅಕ್ಕ. ಮನೆಗೆ ಬಂದೋರ ಮುಖಕ್ಕೇ ಹೊಡೆದ ಹಾಗಾಯ್ತು."

ಸೊಸೆ ಕ್ಯಾನು ಕೆಳಗಿಳಿಸಿದಳು.

ಮೂವರೂ ಒಂದು ಹೂವಿನ ಮುಂದೆ ಕೂತರು. ಎಲೆ ಅಲುಗಿದರೂ ಅತ್ತೆಯ ಕತ್ತು ತಿರುಗುತ್ತಿತ್ತು. ಹತ್ತು ನಿಮಿಷ ಕಳೆಯಿತು. ಹೂವು ಬಾಯಿ ತೆರೆದುಕೊಂಡೇ ಇತ್ತು.

ಅತ್ತೆ ನಲವತ್ತನ್ನು ಹೊಡೆದುಹಾಕಿ ಸೊನ್ನೆ ಬರೆದಳು. ಯಾರೂ ಕೇಳದಿದ್ದರೂ ಅದರ ಕೆಳಗೆ ಒಂದು ಸಾಲು ಸೇರಿಸಿದಳು: "ಬರಲಿ ಅಂತ ಕಾಯ್ತಾ ಇದ್ದೀವಿ."

"ಹೂವು ಇರೋವರೆಗೂ ಔಷಧಿ ಮುಟ್ಟಲ್ಲ ಅತ್ತೆ," ಎಂದಳು ಸೊಸೆ, ಮೆಲ್ಲಗೆ.

ತಾಯಂದಿರೇ, ಅಣ್ಣತಮ್ಮಂದಿರೇ, ಇಂಥ ಚೀಟಿ ನಿಮ್ಮ ಕೈಗೆ ಬಂದರೆ ಅಂದಿನ ನೆನಪನ್ನು ಬರೆಯಬೇಡಿ, ಇಂದು ಕಂಡದ್ದನ್ನು ಬರೆಯಿರಿ. ಏನೂ ಕಾಣದಿದ್ದರೆ ಖಾಲಿ ಬಿಡದೆ ಸೊನ್ನೆ ಎಂದೇ ಬರೆಯಿರಿ. ಅರಳಿದ ಹೂವಿನ ಮೇಲೆ ಔಷಧಿ ಹೊಡೆಯಬೇಡಿ. ನಮ್ಮ ತುತ್ತನ್ನು ದೇವರು ಕಳಿಸುವುದು ಆ ಪುಟ್ಟ ರೆಕ್ಕೆಗಳ ಮೇಲೇ. ಅವುಗಳಿಗೆ ದಾರಿ ಬಿಡೋಣ.